ಸೊಲ್ಲಾಪುರದಲ್ಲಿ ಮುಖ ಸುಲಿಸಿಕೊಂಡದ್ದು

ಕೃಷ್ಣಾ ನದಿಯನ್ನೇ ಅಡ್ಡಗಟ್ಟಿ ನಿಲ್ಲಿಸುತ್ತೇವೆಂದು ಹೊರಟ ಇಲಾಖೆಯಲ್ಲಿ ನಾನು ಹನ್ನೊಂದು ವರ್ಷ ನೌಕರಿ ಮಾಡಿದ್ದೆ. ಅಂಥವನಿಗೆ ಎರಡು ಕೆನ್ನೆ ಯಾವ ಲೆಕ್ಕ! ಎಪ್ಪತ್ತಾರನೆಯ ಇಸವಿಯ ಆಷಾಢದಲ್ಲಿ ಒಂದು ಬೆಳಿಗ್ಗೆ, ಗಡ್ಡ ಹೆರೆದುಕೊಳ್ಳುವ ಕನ್ನಡಿಯ ಮುಂದೆ ನಿಂತು, ಈ ಮುಖವನ್ನು ಇನ್ನೊಂದು ತಿಂಗಳಲ್ಲಿ ಬದಲಾಯಿಸಿಯೇ ತೀರುತ್ತೇನೆ ಎಂದು ಘೋಷಿಸಿದೆ. ಕೇಳಿಸಿಕೊಂಡವಳು ನನ್ನ ಹೆಂಡತಿ ಶಂಕ್ರೆವ್ವ ಒಬ್ಬಳೇ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ನನ್ನ ಕೆಲಸ ಕಾಲುವೆಯ ಸರ್ವೇ. ಮನೆ ಬಸವನ ಬಾಗೇವಾಡಿಯಲ್ಲಿ, ಕಚೇರಿ ಆಲಮಟ್ಟಿಯಲ್ಲಿ, ಜೀವಮಾನ ಬಿಸಿಲಿನಲ್ಲಿ. ಮೂರು ಕಾಲಿನ ದುರ್ಬೀನಿಗೆ ಕಣ್ಣು ಹಚ್ಚಿ ಮುದ್ದೇಬಿಹಾಳದ ಎರೆಹೊಲಗಳಲ್ಲಿ ನಿಂತರೆ ಸೂರ್ಯ ಬೇರೆ ಯಾರನ್ನೂ ಹುಡುಕುವುದಿಲ್ಲ. ಹನ್ನೊಂದು ವರ್ಷದಲ್ಲಿ ಎರಡು ಕೆನ್ನೆಗಳ ಮೇಲೂ ಹಣೆಯ ಮೇಲೂ ದಟ್ಟವಾಗಿ ಬಂಗು ಎದ್ದಿತ್ತು. ಬರೀ ಬಂಗಾಗಿದ್ದರೆ ಸಹಿಸಬಹುದಿತ್ತು. ಬಲಗೆನ್ನೆಯ ಬಂಗು ನಾವು ಅಳೆಯುತ್ತಿದ್ದ ಎಡದಂಡೆ ಕಾಲುವೆಯ ನಕ್ಷೆಯನ್ನೇ ಹೋಲುತ್ತದೆ ಎಂದು ಅಳತೆಯ ಸರಪಳಿ ಹಿಡಿಯುವ ನಮ್ಮ ಚೈನ್‌ಮನ್ ಕುತುಬುದ್ದೀನ ಕಂಡುಹಿಡಿದಿದ್ದ. ಮೂಗಿನ ಬುಡದಲ್ಲಿ ಆಲಮಟ್ಟಿ, ಅಲ್ಲಿಂದ ಕವಲೊಡೆಯುತ್ತ ಕಿವಿಯ ಕಡೆಗೆ. ಹೊಲದಲ್ಲಿ ನಕ್ಷೆಯ ಸುರುಳಿ ಬಿಚ್ಚಲು ಬೇಸರವಾದಾಗ ಅವನು ನನ್ನ ಕೆನ್ನೆಯನ್ನೇ ನೋಡಿ, "ಸಾಹೇಬ್ರ, ಇಲ್ಲಿಂದ ಎಡಕ್ಕ ಹೊಳ್ಳೂದೈತ್ರಿ" ಎನ್ನುತ್ತಿದ್ದ. ಸರಕಾರದ ನಕ್ಷೆಯನ್ನು ಮುಖದ ಮೇಲೆ ಹೊತ್ತು ತಿರುಗಿದ ನೌಕರ ನಾನೊಬ್ಬನೇ ಇರಬೇಕು.

ಇಷ್ಟು ವರ್ಷ ಸಹಿಸಿದವನಿಗೆ ಈಗೇಕೆ ಅವಸರ ಎಂದರೆ, ಮಗಳು ಸಾವಿತ್ರಿಗೆ ಸಿಂದಗಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಗುರಲಿಂಗಪ್ಪ, ಶಾಲೆಯ ಮಾಸ್ತರ. ಬಂದು ನೋಡಿ ಹೋಗಿದ್ದ. ಅವನಿಗೆ ಇವಳು ಒಪ್ಪಿಗೆ. ಇವಳಿಗೆ ಅವನು ಒಪ್ಪಿಗೆ ಎಂದು ಇವಳೇನೂ ಹೇಳಲಿಲ್ಲ, ಆದರೆ ಬಾಗೇವಾಡಿಯಿಂದ ಸಿಂದಗಿಗೆ ಎಷ್ಟೆಷ್ಟು ಹೊತ್ತಿಗೆ ಬಸ್ಸುಗಳಿವೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ನಾವು ಕೇಳಿರಲಿಲ್ಲ. ಉಳಿದದ್ದು ಒಂದೇ: ಶ್ರಾವಣದ ಕೊನೆಯ ಸೋಮವಾರ ಹುಡುಗನ ಅಜ್ಜ ಮಡಿವಾಳಪ್ಪ, ಅಜ್ಜಿ ಹೊನ್ನವ್ವ ನಮ್ಮ ಮನೆಗೆ ಬರುವುದು, ಮನೆಯನ್ನೂ ಮನೆಯವರನ್ನೂ ನೋಡುವುದು, ಮನಸ್ಸಿಗೆ ಬಂದರೆ ಎಲ್ಲರ ಬಾಯಿಗೆ ಸಕ್ಕರೆ ಹಾಕಿ ಸಂಬಂಧ ಗಟ್ಟಿ ಮಾಡುವುದು. ತಂದೆತಾಯಿ ಇಲ್ಲದ ಹುಡುಗನನ್ನು ಬೆಳೆಸಿದವರು ಅವರಿಬ್ಬರೇ. ಇಬ್ಬರಲ್ಲಿ ಅಜ್ಜನದು ಬರೀ ಸಹಿ. ತೀರ್ಮಾನವೆಲ್ಲ ಅಜ್ಜಿಯದು.

ಹೊನ್ನವ್ವನ ಹೆಸರು ಸಿಂದಗಿ ತಾಲೂಕಿನ ಆಚೆಗೂ ಹಬ್ಬಿತ್ತು. ಆಕೆ ಮೊದಲು ನೋಡುವುದು ಮನೆಯವರ ಮೈಚರ್ಮ. ವಂಶದಲ್ಲಿ ಎಲ್ಲಾದರೂ ತೊನ್ನು ಇದ್ದೀತು ಎಂಬ ಹೆದರಿಕೆ. ತೊನ್ನು ಅಂಟುವ ಜಡ್ಡಲ್ಲ, ಇದ್ದವರು ಇಲ್ಲದವರಷ್ಟೇ ಚೆನ್ನಾಗಿ ಬಾಳುತ್ತಾರೆ. ಆದರೆ ಅದನ್ನು ಆಕೆಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇದಕ್ಕೆ ಮುಂಚೆ ಇಂಡಿಯಲ್ಲಿ ಒಂದು ಸಂಬಂಧ ಇನ್ನೇನು ಗಟ್ಟಿಯಾಯಿತು ಎನ್ನುವಾಗ ಆಕೆ ಮುರಿದು ಎದ್ದುಬಂದದ್ದು ಹುಡುಗಿಯ ಸೋದರಮಾವನ ತುಟಿಯ ಮೇಲೆ ಒಂದು ಬಿಳಿ ಚುಕ್ಕೆ ಕಂಡು. ಅದು ಎಲೆಯಡಿಕೆಯ ಸುಣ್ಣ ಎಂದು ತಿಳಿಯುವ ಹೊತ್ತಿಗೆ ಆ ಹುಡುಗಿಗೆ ಬೇರೆ ಕಡೆ ಮದುವೆಯಾಗಿ ಹೋಗಿತ್ತು.

ಇಂಥ ಕಣ್ಣಿನೆದುರು ನಾನು ನಕ್ಷೆಯ ಮುಖ ಹೊತ್ತು ಕೂರುವುದೇ? ಶಂಕ್ರೆವ್ವನಿಗೆ ಸಮಸ್ಯೆಯನ್ನು ವಿವರಿಸಿದೆ.

"ಅವರು ನೋಡಾಕ ಬರೂದು ಹೆಣ್ಣಿನ ಮನಿ. ಹೆಣ್ಣಿನ ಅಪ್ಪನ ಮಾರಿ ಅಲ್ಲ" ಎಂದಳು.

"ಮನಿ ಅಂದ್ರ ಯಾರು? ಮನಿ ಯಜಮಾನನ ಮಾರೀನ ಮನಿಯ ಬಾಗಲಾ."

"ಈ ಬಾಗಲಾ ನೋಡಿನ ನಾ ಒಳಗ ಬಂದೇನಿ. ಇಪ್ಪತ್ತೆರಡು ವರ್ಷ ಆತು, ಇನ್ನೂ ಹೊರಗ ಹೋಗಿಲ್ಲ. ಬಂಗಿಗೆ ಯಾರೂ ಹೆಣ್ಣ ಬಿಟ್ಟಿಲ್ರಿ. ಸುಮ್ಮ ಕುಂದರ್ರಿ."

ಸುಮ್ಮನೆ ಕೂರುವುದು ನನ್ನ ಜಾತಕದಲ್ಲಿ ಇಲ್ಲ. ನಮ್ಮ ಕಚೇರಿಯ ಓವರ್‌ಸೀಯರೊಬ್ಬರು ಮೊಡವೆಯ ಗುಳಿಗಳಿಂದ ಕೂಡಿದ್ದ ತಮ್ಮ ಮುಖವನ್ನು ಸೊಲ್ಲಾಪುರದ ಒಬ್ಬ ಚರ್ಮದ ಡಾಕ್ಟರ ಹತ್ತಿರ ಸುಲಿಸಿಕೊಂಡು ಬಂದಿದ್ದರು. ಹೌದು, ಸುಲಿಸಿಕೊಂಡು. ಡಾಕ್ಟರು ಮುಖಕ್ಕೆ ಹದವಾದ ಆಸಿಡ್ ಹಚ್ಚುತ್ತಾರೆ, ಮೇಲಿನ ಹಳೆಯ ಚರ್ಮ ಕೆಲವು ದಿನಗಳಲ್ಲಿ ತಾನೇ ಕಿತ್ತುಬಂದು ಕೆಳಗಿನಿಂದ ಹೊಸ ಚರ್ಮ ಬರುತ್ತದೆ. ಓವರ್‌ಸೀಯರ ಮುಖ ಈಗ ತೊಳೆದಿಟ್ಟ ಚಹಾದ ಬಸಿಯ ಹಾಗೆ ಇತ್ತು. ನಾನು ವಿಳಾಸ ಬರೆದುಕೊಂಡೆ. ಲೆಕ್ಕವನ್ನೂ ಹಾಕಿದೆ: ಶ್ರಾವಣದ ಮೊದಲ ವಾರ ಮಂಗಳವಾರ ಸುಲಿಸಿಕೊಂಡರೆ, ಬೀಗರು ಬರುವುದಕ್ಕೆ ಪೂರ್ತಿ ಇಪ್ಪತ್ತು ದಿನ. ಡಾಕ್ಟರು ಹೇಳುವುದು ಹದಿನೈದು. ಐದು ದಿನ ಕೈಯಲ್ಲಿ ಉಳಿಯುತ್ತವೆ. ಕಾಲುವೆಯ ಇಳಿಜಾರನ್ನು ಅರ್ಧ ಇಂಚೂ ತಪ್ಪದೆ ಅಳೆಯುವವನಿಗೆ ಇಪ್ಪತ್ತು ದಿನ ಅಳೆಯುವುದು ಕಷ್ಟವೇ!

ಒಂದು ತಿಂಗಳು ರಜೆಯ ಅರ್ಜಿ ಕೊಟ್ಟು ಆಲಮಟ್ಟಿಯಲ್ಲಿ ರೈಲು ಹತ್ತಿದೆ. ಸೊಲ್ಲಾಪುರದ ಡಾಕ್ಟರು ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ನನ್ನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಬೆರಳಿನಿಂದ ಒತ್ತಿ, ಭೂತಗನ್ನಡಿಯಿಂದ ನೋಡಿದರು. ಮೊದಲು ಎರಡು ಮಾತು ಹೇಳಿದರು. ಇದು ಬೆಳ್ಳಗಾಗುವ ಮದ್ದಲ್ಲ, ಚರ್ಮ ಚೊಕ್ಕಟವಾಗುವ ಚಿಕಿತ್ಸೆ; ಬಿಸಿಲಿಗೆ ಹೋದರೆ ಬಂಗು ಮತ್ತೆ ಬರುತ್ತದೆ. ಎರಡನೆಯದು, ಹದಿನೈದು ದಿನ ತಾಳ್ಮೆ ಬೇಕು. ಸಿಪ್ಪೆಯನ್ನು ಕೀಳಬಾರದು, ಬಿಸಿಲು ಕೂಡದು, ಮುಖಕ್ಕೆ ಸಾಬೂನು, ಪೌಡರು, ಅರಿಶಿನ ಏನೂ ಸೋಕಿಸಬಾರದು. ನಾನು ಎರಡಕ್ಕೂ ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನ್ನಷ್ಟು ಒಳ್ಳೆಯ ರೋಗಿ ಅವರಿಗೆ ಸಿಕ್ಕಿರಲಿಕ್ಕಿಲ್ಲ.

ಮುಖ ತೊಳೆಸಿದರು. ಆಮೇಲೆ ಸ್ಪಿರಿಟ್ ಅದ್ದಿದ ಅರಳೆಯಿಂದ ಅವರೇ ತಿಕ್ಕಿ ಒರೆಸಿದರು. ಹಾಸಿಗೆಯ ಮೇಲೆ ಮಲಗಿಸಿ, ಆಸಿಡ್ ಹದ ಮಾಡಿಕೊಂಡು ಬರಲು ಒಳಗೆ ಹೋದರು.

ಇಲ್ಲಿ ನನ್ನ ಮನೆತನದ ಒಂದು ಸಂಗತಿ ಹೇಳಬೇಕು. ನಾವು ಬರಿಹಣೆಯಲ್ಲಿ ಇರುವವರಲ್ಲ. ಮುಖ ತೊಳೆದ ಕೂಡಲೇ ಹಣೆಗೆ ಮೂರು ಬೆರಳಿನ ವಿಭೂತಿ. ಆಮೇಲೆಯೇ ಕನ್ನಡಿ, ಆಮೇಲೆಯೇ ಚಹಾ, ಆಮೇಲೆಯೇ ಮಾತು. ನನ್ನ ತಾಯಿ ನಾನು ನಡೆಯಲು ಕಲಿತ ವರ್ಷ ಇದನ್ನು ಕಲಿಸಿದಳು. ಅಂದಿನಿಂದ ನನ್ನ ಬಲಗೈಗೆ ನನ್ನ ಅಪ್ಪಣೆ ಬೇಕಾಗಿಲ್ಲ. ವಿಭೂತಿಯ ಗಟ್ಟಿಯೊಂದು ಬಟ್ಟೆಯ ಚೀಲದಲ್ಲಿ ಸದಾ ಅಂಗಿಯ ಕಿಸೆಯಲ್ಲಿ ಇರುತ್ತದೆ. ಎದುರಿನ ಗೋಡೆಗೆ ಒಂದು ಕನ್ನಡಿ ಇತ್ತು. ಅದರಲ್ಲಿ ಬರಿಹಣೆಯ ಅಪರಿಚಿತನೊಬ್ಬ ಮಲಗಿದ್ದ. ನಾನು ಅವನನ್ನು ಪೂರ್ತಿ ಗುರುತಿಸುವ ಮುಂಚೆಯೇ ನನ್ನ ಬಲಗೈ ಕಿಸೆಗೆ ಹೋಗಿ, ಪಕ್ಕದ ಬಟ್ಟಲಿನ ನೀರಿನಲ್ಲಿ ಅದ್ದಿ, ಮೂರು ಬೆರಳುಗಳಿಂದ ಹಣೆಯ ಮೇಲೆ ಈ ಕಡೆಯಿಂದ ಆ ಕಡೆಗೆ ಗೆರೆ ಎಳೆದು, ಮರಳಿ ಎದೆಯ ಮೇಲೆ ಬಂದು ಮಲಗಿತ್ತು.

ಹಸಿ ವಿಭೂತಿ ಕಣ್ಣಿಗೆ ಕಾಣುವುದಿಲ್ಲ. ಆರಿದ ಮೇಲೆಯೇ ಬೆಳ್ಳಗಾಗುವುದು. ಡಾಕ್ಟರು ಬಂದರು. ಹಣೆಯ ತೇವವನ್ನು ಸ್ಪಿರಿಟ್ಟೆಂದು ತಿಳಿದಿರಬೇಕು. ಅರಳೆಯನ್ನು ಆಸಿಡ್ಡಿನಲ್ಲಿ ಅದ್ದಿ ಮೊದಲು ಹಣೆಗೇ ಹಚ್ಚಿದರು. ಹಣೆ ಸೊರ್ರೆಂದಿತು. ಸಣ್ಣಗೆ ನೊರೆಯೂ ಎದ್ದಿತು.

ಡಾಕ್ಟರ ಕೈ ನಿಂತಿತು. "ಹಣೀಗೆ ಏನರೆ ಹಚ್ಚೀರೇನು?"

ಇಷ್ಟು ದೂರ ಬಂದು, ಹೇಳಿದ್ದನ್ನೆಲ್ಲ ಒಪ್ಪಿ, ಐದೇ ನಿಮಿಷದಲ್ಲಿ ಮುರಿದೆ ಎಂದು ಒಪ್ಪಿಕೊಳ್ಳುವುದು ಹೇಗೆ? "ಏನಿಲ್ರಿ" ಎಂದೆ. "ಬೆವರು ಇರಬೇಕು."

"ನೊರಿ ಬರೂ ಬೆವರು ನಾ ಇದ ಮೊದಲ ನೋಡೂದು" ಎಂದು ಅವರು ಮುಂದುವರಿದರು.

ಕೆನ್ನೆಗೆ ಹಚ್ಚಿದಾಗ ಬ್ಯಾಡಗಿ ಮೆಣಸಿನಕಾಯಿಯ ಇಡೀ ಚೀಲವನ್ನು ಮುಖದ ಮೇಲೆ ಸುರಿದಂತಾಯಿತು. ಕಂಪೌಂಡರ ರಟ್ಟಿನಿಂದ ಗಾಳಿ ಬೀಸಿದ. ನಾಲ್ಕು ನಿಮಿಷಕ್ಕೆ ಉರಿ ಇಳಿಯಿತು, ಮುಖ ತೊಳೆಸಿ ಕಳಿಸಿದರು. ನಾನು ವಿಜಯೋತ್ಸವದಲ್ಲಿ ರೈಲು ಹತ್ತಿ, ತಲೆಗೆ ವಲ್ಲಿ ಸುತ್ತಿಕೊಂಡು ಊರು ಮುಟ್ಟಿದೆ.

ಎರಡನೆಯ ದಿನ ಮುಖ ಬಿಗಿಯಿತು. ಮೂರನೆಯ ದಿನ ಸುಟ್ಟ ಹಪ್ಪಳದ ಬಣ್ಣಕ್ಕೆ ಬಂತು. ನಾಲ್ಕನೆಯ ದಿನ ಬಿರಿಯತೊಡಗಿತು. ಅದೂ ಬಾಯಿಯ ಸುತ್ತ ಮೊದಲು. ಇದರ ಕಾರಣವನ್ನು ಶಂಕ್ರೆವ್ವ ಕೂಡಲೇ ಹೇಳಿದಳು: ಹೆಚ್ಚು ಓಡಾಡುವ ಕಡೆ ರಸ್ತೆ ಮೊದಲು ಕೆಡುತ್ತದಂತೆ. ಐದನೆಯ ದಿನ ಕೆನ್ನೆಯಿಂದ ಒಂದು ಸಿಪ್ಪೆ ನನ್ನ ತಾಟಿಗೇ ಬಿತ್ತು. ಶಂಕ್ರೆವ್ವ ಅದನ್ನು ರೊಟ್ಟಿಯ ಚೂರೆಂದು ಎತ್ತಿ ಬದಿಗಿಟ್ಟಳು. ಆಮೇಲೆ ಏನೆಂದು ಗೊತ್ತಾಗಿ ಎರಡು ಹೊತ್ತು ಊಟ ಬಿಟ್ಟಳು. ನನ್ನ ತಾಟನ್ನು ಪಡಸಾಲೆಯ ಮೂಲೆಗೆ ವರ್ಗಾಯಿಸಲಾಯಿತು.

ಏಳನೆಯ ದಿನ ಸೋಮವಾರ. ಬೀಗರು ಬರಲು ಇನ್ನೂ ಎರಡು ವಾರ. ಮುಖದ ಅರ್ಧ ಸಿಪ್ಪೆ ಉದುರಿ ಅಲ್ಲಲ್ಲಿ ಬಿಳಿಗೆಂಪು ಮಚ್ಚೆಗಳು ಎದ್ದಿದ್ದವು. ಉಳಿದರ್ಧ ಕಂದು ಚಕ್ಕೆಯಾಗಿ ಅಂಟಿಕೊಂಡಿತ್ತು. ಸುಣ್ಣ ಉದುರುತ್ತಿರುವ ಸರಕಾರಿ ಗೋಡೆಯನ್ನು ನೆನೆಸಿಕೊಳ್ಳಿ. ಹಣೆಯಲ್ಲಿ ಮಾತ್ರ ಏನೋ ವಿಚಿತ್ರ ನಡೆದಿತ್ತು. ಸುತ್ತಲೂ ಸಿಪ್ಪೆ ಬಿಟ್ಟು ಹೊಸ ಚರ್ಮ ಬಂದಿದ್ದರೆ, ನಡುವೆ ಉದ್ದಕ್ಕೆ ಮೂರು ಗೆರೆ ಹಳೆಯ ಬಂಗಿನ ಬಣ್ಣದಲ್ಲೇ ಭದ್ರವಾಗಿ ಕೂತಿದ್ದವು. ಆಸಿಡ್ಡಿಗೂ ವಿಭೂತಿಗೂ ನಡೆದ ಕಾಳಗದಲ್ಲಿ ವಿಭೂತಿ ಗೆದ್ದಿತ್ತು. ಗೆದ್ದ ಜಾಗದಲ್ಲಿ ನನ್ನ ಹಳೆಯ ಚರ್ಮ ಕೂದಲೂ ಕೊಂಕದೆ ಉಳಿದಿತ್ತು. ಜಗತ್ತಿನಲ್ಲಿ ಕರಿ ವಿಭೂತಿ ಧರಿಸಿದ ಮೊದಲ ಭಕ್ತ ನಾನು.

ಸುಮಾರು ಹನ್ನೊಂದು ಗಂಟೆಗೆ ಕುತುಬುದ್ದೀನ ಓಡುತ್ತ ಬಂದ. ಬಾಗಿಲಲ್ಲಿ ನನ್ನ ಮುಖ ನೋಡಿ, ಹೇಳಬೇಕಾದ್ದನ್ನು ಒಂದು ಕ್ಷಣ ಮರೆತ. ನೆನಪಾದ ಮೇಲೆ ಒಂದು ಕಾರ್ಡು ಕೊಟ್ಟ. ನಾಲ್ಕು ದಿನದ ಹಿಂದೆ ಕಚೇರಿಗೆ ಬಂದಿತ್ತಂತೆ. ಸಾಹೇಬರು ರಜೆಯಲ್ಲಿದ್ದಾರೆಂದು ಅವನು ಅದನ್ನು ಕೆಡದ ಹಾಗೆ ನಕ್ಷೆಯ ಡಬ್ಬಿಯಲ್ಲಿ ಜೋಪಾನ ಮಾಡಿ, ಇವತ್ತು ಊರಿಗೆ ಬರುವಾಗ ತಂದಿದ್ದ. ಮಡಿವಾಳಪ್ಪನವರ ಅಕ್ಷರ: ಗುರಲಿಂಗಪ್ಪನನ್ನು ತರಬೇತಿಗೆ ಧಾರವಾಡಕ್ಕೆ ಕಳಿಸುತ್ತಿರುವುದರಿಂದ ಕೊನೆಯ ಸೋಮವಾರ ಆಗುವುದಿಲ್ಲ, ಎರಡನೆಯ ಸೋಮವಾರವೇ ಬರುತ್ತೇವೆ.

"ಎರಡನೇ ಸೋಮವಾರ ಅಂದ್ರ ಇವತ್ತ" ಎಂದೆ.

"ಹೌದ್ರಿ. ಬಸ್‌ಸ್ಟ್ಯಾಂಡಿನ್ಯಾಗ ಒಬ್ಬ ಅಜ್ಜಾ ಒಬ್ಬಾಕಿ ಆಯಿ ನಿಮ್ಮ ಮನಿ ಕೇಳಾಕತ್ತಿದ್ರು. ನಾನ ದಾರಿ ತೋರಿಸಿ, ತುಸು ಚಹಾ ಕುಡೀರಿ ಅಂತ ಕುಂದ್ರಿಸಿ ಬಂದೇನ್ರಿ."

ಬರೆದ ಪತ್ರವೂ ಪತ್ರ ಬರೆದವರೂ ಒಂದೇ ಹೊತ್ತಿಗೆ ಊರಿಗೆ ಬಂದಿದ್ದರು. ಚಹಾ ಕುಡಿದು ನಮ್ಮ ಮನೆಗೆ ನಡೆದು ಬರಲು ಎಂಟು ನಿಮಿಷ. ನಾನು ಕನ್ನಡಿ ನೋಡಿದೆ. ಇಂಡಿಯಲ್ಲಿ ಒಂದು ಚುಕ್ಕೆ ಸುಣ್ಣಕ್ಕೆ ಎದ್ದುಬಂದ ಹೆಂಗಸು ಈ ಮುಖಕ್ಕೆ ಏನು ಮಾಡುವಳು? ಅಡುಗೆಮನೆಯ ಬಾಗಿಲಲ್ಲಿ ಸಾವಿತ್ರಿ ನಿಂತಿದ್ದಳು. ಅವಳೂ ಅದನ್ನೇ ಲೆಕ್ಕ ಹಾಕುತ್ತಿದ್ದಳೆಂದು ಕಾಣುತ್ತದೆ. ಕಾರ್ಡು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ನಾನು ಮಾಳಿಗೆ ಹತ್ತಿ ಕೂರುವುದಾಗಿ ಸೂಚಿಸಿದೆ. ಕಾಳಿನ ಹಗೇವಿಗೆ ಇಳಿಯುವುದಾಗಿಯೂ ಸೂಚಿಸಿದೆ. ಸಕ್ಕರೆ ಹಾಕುವ ದಿನ ಹೆಣ್ಣಿನ ಅಪ್ಪ ಮನೆಯಲ್ಲಿಲ್ಲ ಎಂದರೆ ಇನ್ನೇನೋ ಇದೆ ಎಂದುಕೊಳ್ಳುತ್ತಾರೆ ಎಂದು ಶಂಕ್ರೆವ್ವ ಎರಡನ್ನೂ ತಳ್ಳಿಹಾಕಿದಳು. ನನ್ನ ಕೈ ಹಿಡಿದು ದೇವರಕೋಣೆಗೆ ಎಳೆದೊಯ್ದಳು. ವಿಭೂತಿಯ ಎರಡು ಗಟ್ಟಿಗಳನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, ಒಳಗೋಡೆಗೆ ಸಾರಿಸುವಂತೆ ನನ್ನ ಮುಖದ ತುಂಬ ಹಚ್ಚಿದಳು.

"ಇವತ್ತ ಶ್ರಾವಣ ಸೋಮವಾರ" ಎಂದಳು. "ಮೌನ ಹಿಡದೀರಿ. ಹೊತ್ತು ಮುಣುಗೂತನಾ ಮಾತಿಲ್ಲ. ತಿಳೀತಿಲ್ಲೊ?"

"ಹೊತ್ತು ಮುಣುಗೂತನಾ? ಅಲ್ಲ, ಬೀಗರ ಮುಂದ ಎರಡು ಮಾತು..."

"ನೀವು ಮಾತಾಡಲಿಲ್ಲಂದ್ರ ಅರ್ಧಾ ಲಗ್ನಾ ಆದಂಗ."

ಅಷ್ಟರಲ್ಲಿ ಉರಿ ಶುರುವಾಯಿತು. ಸುಲಿದ ಎಳೆಯ ಚರ್ಮದ ಮೇಲೆ ಆ ಬೂದಿ ಸುಣ್ಣದ ಹಾಗೆ ಕೆಲಸ ಮಾಡಿತು. ಸೊಲ್ಲಾಪುರದ ಉರಿ ನಾಲ್ಕು ನಿಮಿಷದ್ದು, ಇದಕ್ಕೆ ಗಡಿಯಾರವಿರಲಿಲ್ಲ. ಕೂಗೋಣವೆಂದರೆ ಮೌನ. ಒರೆಸೋಣವೆಂದರೆ ಮಾನ. ಬೀಗರು ಅಂಗಳದಲ್ಲಿ ಕೈಕಾಲು ತೊಳೆಯುವ ಸಪ್ಪಳ ಕೇಳಿತು. ನಾನು ಕಣ್ಣು ಮುಚ್ಚಿದೆ.

ಶಂಕ್ರೆವ್ವ ಸುಳ್ಳನ್ನು ಬಹಳ ಸಣ್ಣದಾಗಿ, ಬಹಳ ಸಹಜವಾಗಿ ಹೇಳಿದಳು. ಮಡಿವಾಳಪ್ಪ ಸಂತೋಷದಿಂದ ಪುಳಕಿತರಾದರು. ಈಗಿನ ಕಾಲದಲ್ಲಿ, ಅದೂ ಸರಕಾರಿ ನೌಕರಿಯಲ್ಲಿದ್ದುಕೊಂಡು, ಇಂಥ ನೇಮ! ನೋಡಿಯೇ ಹೋಗಬೇಕೆಂದು ದೇವರಕೋಣೆಯ ಹೊಸ್ತಿಲಲ್ಲಿ ಬಂದು ಕೂತರು. ಹಿಂದೆ ಹೊನ್ನವ್ವ. ಆ ಹೊತ್ತಿಗೆ ನನ್ನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಯಾವ ಮನುಷ್ಯನಾದರೂ ಅಳುವಂಥ ಉರಿ ಅದು.

"ನೋಡ, ಭಕ್ತಿ ಅಂದ್ರ ಹಿಂಗಿರಬೇಕು" ಎಂದರು ಮಡಿವಾಳಪ್ಪ ಹೆಂಡತಿಗೆ. "ಕಣ್ಣಾನ ನೀರು ನಿಂದ್ರವಲ್ವು."

ಎದ್ದು ನನಗೆ ಸಾಷ್ಟಾಂಗ ಹಾಕಿದರು. ನನಗಿಂತ ಮೂವತ್ತು ವರ್ಷ ಹಿರಿಯರು. ಪಾಪ ನನ್ನ ಲೆಕ್ಕಕ್ಕೆ ಜಮೆಯಾಯಿತೆಂದು ತೋರುತ್ತದೆ, ಏಕೆಂದರೆ ಉರಿ ಇನ್ನೂ ಹೆಚ್ಚಿತು. ನೀರು ಎರಡೂ ಕೆನ್ನೆಗಳ ಮೇಲೆ ಹರಿದು ಬೂದಿಯನ್ನು ಕೊರೆದು ಎಡದಂಡೆಗೆ ಒಂದು, ಬಲದಂಡೆಗೆ ಒಂದು ಕಾಲುವೆ ತೋಡಿತು. ನಮ್ಮ ಇಲಾಖೆ ಹನ್ನೊಂದು ವರ್ಷದಲ್ಲಿ ಮಾಡದ್ದು ಆರು ನಿಮಿಷದಲ್ಲಿ ಮುಗಿಯಿತು. ಕಾಲುವೆಯ ತಳದಲ್ಲಿ ಬಿಳಿಗೆಂಪು ಚರ್ಮ ಕಾಣಿಸಿಕೊಂಡಿತು.

ಹೊನ್ನವ್ವ ಹತ್ತಿರ ಬಂದು ಕೂತದ್ದು ಗೊತ್ತಾಯಿತು. ಕಣ್ಣು ತೆರೆದೆ. ಆಕೆಯ ಮುಖ ಒಂದು ಗೇಣು ದೂರದಲ್ಲಿತ್ತು. ಸೆರಗಿನ ತುದಿಯನ್ನು ಅಲ್ಲೇ ಇದ್ದ ತಂಬಿಗೆಯಲ್ಲಿ ಅದ್ದಿ, ಮಗುವಿನ ಮುಖ ಒರೆಸುವಂತೆ ನನ್ನ ಕೆನ್ನೆ ಒರೆಸಿದಳು. ಒಂದು ಕೆನ್ನೆ. ಇನ್ನೊಂದು. ಗಲ್ಲ. ಒರೆಸಿ ಮುಗಿದ ಮೇಲೆ ಶಂಕ್ರೆವ್ವನ ಕಡೆಗೆ ತಿರುಗಿ ಮೆಲ್ಲಗೆ ಕೇಳಿದಳು:

"ಎಷ್ಟು ವರ್ಷ ಆತು, ತಂಗಿ, ಇದು?"

ಶಂಕ್ರೆವ್ವ ಸೆರಗು ಸರಿಮಾಡಿಕೊಂಡಳು. ಅವಳ ಬಳಿ ಎರಡನೆಯ ಸುಳ್ಳು ಇರಲಿಲ್ಲ.

"ಬೀಗರ ಮ್ಯಾಲೆ ನನಗ ಸಿಟ್ಟಿಲ್ಲ" ಎಂದಳು ಹೊನ್ನವ್ವ. "ಮೈ ಮ್ಯಾಲೆ ಬರೂದು ಯಾರ ಕೈಯಾಗೂ ಇಲ್ಲ. ಮುಚ್ಚಿಟ್ರಲ್ಲ, ಅದು ಸರಿ ಬರಲಿಲ್ಲ." ಮೊಣಕಾಲಿಗೆ ಕೈ ಊರಿ ಏಳತೊಡಗಿದಳು.

ಆಕೆಯ ಭುಜದಾಚೆ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ಅಲ್ಲಿ ಸಾವಿತ್ರಿ ಸಕ್ಕರೆಯ ಬಟ್ಟಲು ಹಿಡಿದು ನಿಂತಿದ್ದಳು. ಯಾರೂ ತರಹೇಳಿರಲಿಲ್ಲ. ಹೊನ್ನವ್ವ ಏಳುವುದನ್ನು ನೋಡಿ ಅವಳು ಬಟ್ಟಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು. ಅಲ್ಲಿಯವರೆಗೆ ಮುಖದ ಉರಿಯೇ ದೊಡ್ಡದೆಂದು ತಿಳಿದಿದ್ದೆ.

"ಆಯೀ, ತಡೀರಿ" ಎಂದೆ.

ಮಡಿವಾಳಪ್ಪ ಬೆಚ್ಚಿದರು. ಮೌನ ಮುರಿದಿತ್ತು. ಇನ್ನು ಮುರಿಯಲು ಏನೂ ಉಳಿದಿರಲಿಲ್ಲವಾದ್ದರಿಂದ ಎಲ್ಲವನ್ನೂ ಹೇಳಿದೆ. ಬಂಗಿನ ವಿಷಯ, ಕನ್ನಡಿಯ ಮುಂದಿನ ಪ್ರತಿಜ್ಞೆ, ಓವರ್‌ಸೀಯರ ಬಸಿಯಂಥ ಮುಖ, ಸೊಲ್ಲಾಪುರ, ಆಸಿಡ್, ಇಪ್ಪತ್ತು ದಿನದ ಲೆಕ್ಕ, ಡಬ್ಬಿಯಲ್ಲಿ ಜೋಪಾನವಾದ ಕಾರ್ಡು. ಬೀಗರ ಕಣ್ಣಿಗೆ ಚಂದ ಕಾಣಬೇಕೆಂದು ನಲವತ್ತೈದು ವರ್ಷದ ಗಂಡಸು ದುಡ್ಡು ಕೊಟ್ಟು ಮುಖ ಸುಡಿಸಿಕೊಂಡು ಬಂದ ಕಥೆ. ಹೇಳುತ್ತ ಹೋದಂತೆ ಅದು ನನಗೇ ಸುಳ್ಳಿನಂತೆ ಕೇಳಿಸಿತು. ಅಂಗಳದಿಂದ ಕುತುಬುದ್ದೀನ, ಕಾಲುವೆಯ ನಕ್ಷೆ ಬಲಗೆನ್ನೆಯ ಮೇಲೆ ಇದ್ದದ್ದು ಖರೇ ಎಂದು ಸಾಕ್ಷಿ ಹೇಳಿದ. ಅದರಿಂದ ಯಾವ ಉಪಯೋಗವೂ ಆಗಲಿಲ್ಲ.

ಹೊನ್ನವ್ವ ಅರ್ಧ ಎದ್ದವಳು ಹಾಗೆಯೇ ನಿಂತಿದ್ದಳು. "ಮಾತು ಛಲೋ ಕಟ್ತೀರಿ" ಎಂದಳು. "ಇಂಡಿಯವರೂ ಸುಣ್ಣ ಅಂದಿದ್ರು."

"ಅದು ಸುಣ್ಣನ ಇತ್ತಲ್ಲ" ಎಂದು ಮಡಿವಾಳಪ್ಪ ಸಣ್ಣ ದನಿಯಲ್ಲಿ ನೆನಪಿಸಿದರು. ಆಕೆ ಅವರ ಕಡೆ ನೋಡಿದಳು. ಅವರು ಮೌನ ಹಿಡಿದರು. ಅವರದು ನಿಜವಾದ ಮೌನ.

ಆಮೇಲೆ ಆಕೆಗೆ ಏನನ್ನಿಸಿತೋ, ಒರೆಸದೆ ಬಿಟ್ಟಿದ್ದ ಹಣೆಯ ನೆನಪಾಗಿರಬೇಕು. ಮತ್ತೆ ಕೂತು ಸೆರಗು ಅದ್ದಿ ಹಣೆ ಒರೆಸಿದಳು. ಬಿಳಿ ಬೂದಿ ಹೋಯಿತು, ಕೆಳಗಿನಿಂದ ಮೂರು ಕರಿ ಗೆರೆ ಮೂಡಿದವು. ಒತ್ತಿ ತಿಕ್ಕಿದಳು. ಹೋಗಲಿಲ್ಲ.

"ಇದೇನಿದು?"

ಡಾಕ್ಟರಿಗೆ ಹೇಳದೆ ಉಳಿಸಿಕೊಂಡಿದ್ದ ಕೊನೆಯ ಸಂಗತಿ ಅದು. ಹಾಸಿಗೆಯ ಮೇಲೆ ಮಲಗಿ ಬರಿಹಣೆ ತಡೆಯಲಾರದೆ ವಿಭೂತಿ ಹಚ್ಚಿಕೊಂಡದ್ದು, ಹಣೆಯ ಮೇಲೆ ನೊರೆ ಬಂದದ್ದು, ಬೆವರೆಂದದ್ದು, ಎಲ್ಲವನ್ನೂ ಹೇಳಿದೆ. ಬಾಗಿಲ ಕಡೆ ನೋಡಲಿಲ್ಲ.

ಹೊನ್ನವ್ವ ನನ್ನ ಬಲಗೈ ಹಿಡಿದೆತ್ತಿದಳು. ನಡುವಿನ ಮೂರು ಬೆರಳುಗಳನ್ನು ಬಿಡಿಸಿ ನನ್ನ ಹಣೆಯ ಮೇಲೆ ಇರಿಸಿದಳು. ಮೇಲಿನ ಗೆರೆಗೆ ಮೇಲಿನ ಬೆರಳು, ನಡುವಿನದಕ್ಕೆ ನಡುವಿನದು, ಕೆಳಗಿನದಕ್ಕೆ ಕೆಳಗಿನದು. ಅರ್ಧ ಇಂಚೂ ತಪ್ಪಿರಲಿಲ್ಲ. ಹನ್ನೊಂದು ವರ್ಷದ ನೌಕರಿಯಲ್ಲಿ ನಾನು ಎಳೆದ ಅತ್ಯಂತ ನಿಖರವಾದ ಗೆರೆಗಳು ಅವೇ ಇರಬೇಕು. ಎಡಗಡೆ, ಕೈ ಎತ್ತುವಾಗ ಮೂರೂ ಗೆರೆ ಸ್ವಲ್ಪ ಕೆಳಗೆ ಬಾಗುತ್ತವೆ. ಅದು ನನ್ನ ಚಾಳಿ. ಅದೂ ಹಾಗೆಯೇ ಇತ್ತು.

ಆಕೆ ಬಹಳ ಹೊತ್ತು ನೋಡಿದಳು. ಆಮೇಲೆ ಆಕೆಯ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದುಕೊಂಡೆ. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಸೆರಗು ತೆಗೆದಾಗ ಆಕೆಯ ಬಾಯಲ್ಲಿ ಎರಡೇ ಹಲ್ಲಿದ್ದದ್ದು ನನಗೆ ಮೊದಲ ಸಲ ಕಂಡಿತು.

"ತೊನ್ನು ಬೆರಳ ಅಳತಿ ಹಿಡದು ಬರೂದಿಲ್ಲ" ಎಂದಳು ಗಂಡನಿಗೆ. "ಇದು ಬ್ಯಾರೆ ಜಡ್ಡು."

ಕಣ್ಣೊರೆಸಿಕೊಂಡು ಶಂಕ್ರೆವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮತ್ತೆ ಶಂಕ್ರೆವ್ವನನ್ನು. ನಗು ಪೂರ್ತಿ ನಿಂತಿತು. ಆಕೆ ಈಗ ಕೇಳುವ ಪ್ರಶ್ನೆಯ ಮೇಲೆ ಎಲ್ಲವೂ ನಿಂತಿದೆ ಎಂದು ನಮಗೆಲ್ಲ ಗೊತ್ತಾಯಿತು.

"ತಂಗಿ, ಖರೇ ಹೇಳು. ಹುಡುಗಿ ಬುದ್ಧಿಲೆ ಯಾರ್ನ ಹೋಲ್ತಾಳ? ಅವ್ವನ್ನ ಹೋಲ್ತಾಳೇನು?"

"ಹೌದ್ರಿ" ಎಂದು ನಾಲ್ಕು ದನಿಗಳು ಒಟ್ಟಿಗೇ ಬಂದವು. ಒಂದು ಶಂಕ್ರೆವ್ವನದು, ಒಂದು ಬಾಗಿಲ ಮರೆಯಿಂದ ಸಾವಿತ್ರಿಯದು, ಒಂದು ಅಂಗಳದಿಂದ ಕುತುಬುದ್ದೀನನದು. ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿದ್ದು ನನ್ನದು.

"ಹಂಗಾದ್ರ ಸಕ್ಕರಿ ತರ್ರಿ" ಎಂದಳು ಹೊನ್ನವ್ವ.